ಹಳೆ ಎಂಜಿಬಿ ಕಾರಿನ ಲೆದರ್ ಸೀಟು: ಕಿಟ್ ತರಿಸುವ ಮುಂಚೆ ದೋಷ ಎಲ್ಲಿದೆ ಅಂತ ಹುಡುಕಿ

ಸೀಟಿನ ಲೆದರ್ ಸುಕ್ಕಾಗಿದೆ, ಹೊಲಿಗೆ ಬಿಟ್ಟಿದೆ, ಕಾರಿನ ಒಳಗೆ ಮುಗ್ಗಲು ವಾಸನೆ. ಸರಿ, ಹೊಸ ಲೆದರ್ ಹಾಕಿಸೋಣ. ಹಳೆ ಕಾರು ಇಟ್ಟುಕೊಂಡವರು ಸಾಮಾನ್ಯವಾಗಿ ಹೀಗೇ ಯೋಚಿಸುತ್ತಾರೆ. ಹೊಲಿದು ಸಿದ್ಧಮಾಡಿದ ಸೀಟು ಕವರ್‌ಗಳ ಕಿಟ್‌ಗೆ ದುಡ್ಡು ಸುರಿಯುತ್ತಾರೆ. ಸ್ವಲ್ಪ ದಿನ ಕಾರು ಮದುವೆ ಮನೆಯ ಹಾಗೆ ಕಾಣುತ್ತದೆ. ಆಮೇಲೆ ಹೊಸ ಲೆದರ್‌ಗೂ ಅದೇ ಗತಿ.

ಕಾರಣ ಸರಳ. ಕಾರಿನ ಒಳಗಡೆ ಏನೇ ಕೆಟ್ಟರೂ ಕಣ್ಣಿಗೆ ಬೀಳುವುದು ಲೆದರ್ ಮೇಲೆ. ಕೆಟ್ಟಿರುವುದು ಮಾತ್ರ ಬಹಳ ಸಲ ಅದರ ಕೆಳಗೆ. ಸ್ಪಂಜು ಪುಡಿಯಾಗಿರುತ್ತದೆ, ರಬ್ಬರ್ ಜೋತುಬಿದ್ದಿರುತ್ತದೆ, ಇಲ್ಲವೇ ಎಲ್ಲಿಂದಲೋ ನೀರು ಬರುತ್ತಿರುತ್ತದೆ. ಅದನ್ನು ಸರಿಮಾಡದೆ ಮೇಲೆ ಹೊಸ ಲೆದರ್ ಹೊದಿಸಿದರೆ ದೋಷ ಮುಚ್ಚಿಟ್ಟ ಹಾಗಾಯಿತು, ಅಷ್ಟೇ.

ನಾನು ಇಲ್ಲಿ ಹೇಳುವುದು ಎಂಜಿಬಿ ಬಗ್ಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಹಾಗಾಗಿ ಇವತ್ತಿಗೂ ಇದರ ಬಹುತೇಕ ಎಲ್ಲ ಸಾಮಾನೂ ಸಿಗುತ್ತದೆ, ಸೀಟಿನ ಕವರ್ ಕೂಡ. ನಮ್ಮ ಊರುಗಳಲ್ಲಿ ಓಡಾಡುವ ಎಂಜಿ ಹೆಕ್ಟರ್ ಮೂತಿಯ ಮೇಲಿರುವ ಎಂಟು ಮೂಲೆಯ ಬ್ಯಾಡ್ಜ್ ಇದೇ ಮನೆತನದ್ದು. ಹೆಸರು ಬಿಟ್ಟರೆ ನೆಂಟಸ್ತನ ಅಷ್ಟಕ್ಕಷ್ಟೇ. 1965ರಲ್ಲಿ ಗಟ್ಟಿ ಚಾವಣಿಯ ಜಿಟಿ ಬಂತು. ಆದರೆ ಒಳಾಂಗಣದ ತಾಪತ್ರಯ ಜಾಸ್ತಿ ಇರುವುದು ಬಟ್ಟೆ ಚಾವಣಿಯ ರೋಡ್‌ಸ್ಟರ್‌ನಲ್ಲಿ. ಬಹುಪಾಲು ಮಾತು ಅದನ್ನೇ ಕುರಿತದ್ದು.

ಲೆದರ್ರೋ ರೆಕ್ಸಿನ್ನೋ?

ಪೆದ್ದು ಪ್ರಶ್ನೆ ಅನಿಸಬಹುದು. ಆದರೆ ಮೊದಲು ಇದನ್ನೇ ತೀರ್ಮಾನ ಮಾಡಿಕೊಳ್ಳಬೇಕು. ಅರವತ್ತರ ದಶಕದ ಎಂಜಿಬಿಗಳಲ್ಲಿ ಕೂರುವ ಮತ್ತು ಒರಗುವ ಭಾಗ ಮಾತ್ರ ಲೆದರ್. ಸೀಟಿನ ಪಕ್ಕ, ಹಿಂಭಾಗ, ಬಾಗಿಲಿನ ಪ್ಯಾಡು ಎಲ್ಲ ರೆಕ್ಸಿನ್. ಕಾರ್ಖಾನೆಯಿಂದ ಬಂದದ್ದೇ ಹಾಗೆ. ಆದ್ದರಿಂದ ಕಿಟ್ ಮಾರುವವರು ಪಕ್ಕಕ್ಕೆ ರೆಕ್ಸಿನ್ ಕೊಟ್ಟರೆ ಮೋಸ ಅಂದುಕೊಳ್ಳಬೇಡಿ. 1970ರ ಮಾಡೆಲ್‌ನಿಂದ ಲೆದರ್ ಪೂರ್ತಿ ಹೋಗಿ ರೆಕ್ಸಿನ್ ಬಂತು. ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಕಾರುಗಳಿಗೆ ಪಟ್ಟೆಪಟ್ಟೆಯ ಬಟ್ಟೆ ಬಂತು. ಆ ಬಟ್ಟೆ ನೋಡಿದರೆ ಮನೆಯ ಪರದೆ ಹರಿದು ಹೊಲಿದ ಹಾಗಿದೆ ಅಂತ ನನ್ನ ಅಭಿಪ್ರಾಯ, ಇಷ್ಟಪಡುವವರೂ ಇದ್ದಾರೆ.

ಇದರ ಅರ್ಥ: ನಿಮ್ಮದು 1973ರ ಕಾರಾಗಿದ್ದು ಸೀಟು ಲೆದರ್ ಆಗಿದ್ದರೆ, ಅದನ್ನು ಆಮೇಲೆ ಯಾರೋ ಹಾಕಿಸಿದ್ದಾರೆ. ಅವರು ಯಾವ ದಾರ ಬಳಸಿದರು, ಒಳಗೆ ಯಾವ ಸ್ಪಂಜ್ ತುಂಬಿದರು, ಯಾವುದೂ ಗೊತ್ತಿರುವುದಿಲ್ಲ. ಒಳಗೆ ಏನಿದೆ ಅಂತ ಬಿಚ್ಚಿ ನೋಡದೆ ಏನನ್ನೂ ನಂಬಬೇಡಿ.

ಗುರುತಿಸಲು ಮೇಲ್ಮೈಯ ಗೆರೆ ನೋಡಬೇಡಿ, ಒಳ್ಳೆಯ ರೆಕ್ಸಿನ್ ಎಂಥವರನ್ನೂ ಏಮಾರಿಸುತ್ತದೆ. ಸೀಟಿನ ಅಡಿಯಲ್ಲಿ ಕವರ್ ಮಡಚಿ ಕೂರಿಸಿದ ಅಂಚು ಇರುತ್ತದೆ. ಅದರ ಹಿಂಬದಿ ನೋಡಿ. ನವಿರು ನಾರು ಎದ್ದಿದ್ದರೆ ಲೆದರ್. ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ರೆಕ್ಸಿನ್.

ಮೂಲ ಬಣ್ಣ ಯಾವುದಿತ್ತು ಅಂತ ತಿಳಿಯಬೇಕಾದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಚಾಸಿ ನಂಬರ್ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಹೊರಬಂದಾಗ ಹೊರಗಿನ ಬಣ್ಣ ಏನು, ಸೀಟಿನ ಬಣ್ಣ ಏನು ಅಂತ ಅದರಲ್ಲಿ ಬರೆದಿರುತ್ತದೆ.

ಸೀಟು ಹೊರಗೆ ತೆಗೆಯುವುದು

ಕಾರಿನೊಳಗೆ ಬಗ್ಗಿ ಇಣುಕಿ ನೋಡಿ ದೋಷ ಹುಡುಕುವುದು ಆಗದ ಮಾತು. ಸೀಟು ಹೊರಗೆ ಬರಲೇಬೇಕು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಬೋಲ್ಟ್ ಬಿಚ್ಚಿ. ಪೂರ್ತಿ ಮುಂದಕ್ಕೆ ಎಳೆದು ಹಿಂದಿನ ಬೋಲ್ಟ್ ಬಿಚ್ಚಿ. ಇದು ಇಂಚಿನ ಲೆಕ್ಕದ ಕಾರು. ಅರ್ಧ ಇಂಚಿನ ಬೋಲ್ಟಿಗೆ 13 ಎಂ.ಎಂ. ಸ್ಪ್ಯಾನರ್ ಹಾಕಿದರೆ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ತಲೆ ಸವೆದು ದುಂಡಗಾಗುತ್ತದೆ. ಇಂಚಿನ ಸೆಟ್ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕೆಳಗಿನ ನಟ್‌ಗಳು ನೆಲದ ತಗಡಿಗೇ ಅಂಟಿಕೊಂಡಿರುತ್ತವೆ. ಬಲವಂತ ಮಾಡಿದರೆ ನಟ್ ಕಿತ್ತು ಬೋಲ್ಟ್ ಸುಮ್ನೆ ಸುತ್ತುತ್ತದೆ, ಆಮೇಲೆ ವೆಲ್ಡಿಂಗ್‌ನವರನ್ನೇ ಕರೆಯಬೇಕು.

ರನ್ನರ್ (ಸೀಟು ಹಿಂದೆ ಮುಂದೆ ಜಾರುವ ಹಳಿ) ಕೆಳಗೆ ಮರದ ಪಟ್ಟಿಗಳಿರುತ್ತವೆ. ಅವು ಯಾರೋ ಹಾಕಿದ ಜುಗಾಡ್ ಅಲ್ಲ, ಕಂಪನಿಯವೇ. ಬಿಸಾಡಬೇಡಿ. ಯಾವ ಪಟ್ಟಿ ಯಾವ ಕಡೆಯದು ಅಂತ ಪೆನ್ಸಿಲಲ್ಲಿ ಗುರುತು ಹಾಕಿಡಿ. ಪಟ್ಟಿ ಕೊಳೆತು ಮೆತ್ತಗಾಗಿದ್ದರೆ ನೆಲಕ್ಕೆ ನೀರು ಬರುತ್ತಿದೆ ಅಂತಲೇ ಲೆಕ್ಕ.

ಕೂತರೆ ಹಳ್ಳ, ಎದ್ದರೆ ಸುಕ್ಕು

ಅತಿ ಹೆಚ್ಚು ಕಾಣುವ ದೂರು ಇದು. ಡ್ರೈವರ್ ಸೀಟಲ್ಲಿ ಕೂತರೆ ಒಳಗೆ ಇಳಿದುಹೋಗುತ್ತೀರಿ. ಎದ್ದ ಮೇಲೂ ಲೆದರ್ ನಡುಭಾಗ ಸುಕ್ಕಾಗಿಯೇ ಇರುತ್ತದೆ. ಪಕ್ಕದ ಸೀಟು ಮಾತ್ರ ಚೆನ್ನಾಗಿದೆ. ‘ಲೆದರ್ ಎಳೆದುಕೊಂಡುಬಿಟ್ಟಿದೆ’ ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ನಿಜ, ಲೆದರ್ ಬಳಕೆಯಲ್ಲಿ ಹಿಗ್ಗಿ ಎಳೆದುಕೊಳ್ಳುತ್ತದೆ. ಆದರೆ ಮುಖ್ಯ ತಪ್ಪಿತಸ್ಥ ಬೇರೆ ಕಡೆ ಇರುತ್ತಾನೆ.

ಎಂಜಿಬಿ ಸೀಟಿನಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದು ರಬ್ಬರ್. ಮೊದಲ ವರ್ಷಗಳ ಸೀಟುಗಳಲ್ಲಿ ಚೌಕಟ್ಟಿಗೆ ಅಡ್ಡಡ್ಡ ಬಿಗಿದ ರಬ್ಬರ್ ಪಟ್ಟಿಗಳು. ಆಮೇಲಿನ ಸೀಟುಗಳಲ್ಲಿ ಒಂದೇ ರಬ್ಬರ್ ಹಾಳೆ, ಅಂಚಿನುದ್ದಕ್ಕೂ ಕೊಕ್ಕೆ. ಅದನ್ನು ಡಯಾಫ್ರಾಮ್ ಅನ್ನುತ್ತಾರೆ. ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಲೆದರ್. ರಬ್ಬರ್ ವಯಸ್ಸಾದಂತೆ ಬಿರುಕು ಬಿಟ್ಟು ಜೋತುಬೀಳುತ್ತದೆ. ಮೇಲಿರುವ ಸ್ಪಂಜು ಕೆಳಗಿಳಿಯುತ್ತದೆ. ಲೆದರ್‌ಗೆ ಆಧಾರ ತಪ್ಪುತ್ತದೆ, ಸುಕ್ಕಾಗುತ್ತದೆ.

ಸೀಟನ್ನು ಮಗುಚಿ ಹಾಕಿ ನೋಡಿ. ಮೊದಲು ಕಾಣುವುದು ಪುಡಿ. ಕಂದು ಬಣ್ಣದ, ಬೆರಳಿಗೆ ಅಂಟುವ ಪುಡಿ ಉದುರಿದರೆ ಸ್ಪಂಜು ಮುಗಿಯಿತು ಅಂತ ಅರ್ಥ. ಆಮೇಲೆ ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ, ಸ್ವಲ್ಪ ಎಳೆದು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ. ಕೊಕ್ಕೆ ಹಿಡಿದಿರುವ ಜಾಗದಲ್ಲಿ ರಬ್ಬರ್ ಸೀಳಿದೆಯೇ ನೋಡಿ, ಮೊದಲು ಹರಿಯುವುದು ಅಲ್ಲೇ. ಕೆಲವು ಸೀಟುಗಳಲ್ಲಿ ಹಿಂದಿನ ಮಾಲೀಕರು ಕೊಕ್ಕೆಯ ಬದಲು ತಂತಿ ಸುತ್ತಿರುತ್ತಾರೆ. ಆ ತಂತಿ ಸ್ಪಂಜನ್ನು ಕೆಳಗಿಂದ ಕೊಯ್ಯುತ್ತಲೇ ಇರುತ್ತದೆ.

ರಬ್ಬರ್ರೋ, ಸ್ಪಂಜೋ, ಲೆದರ್ರೋ ಅಂತ ಬೇರೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ. ಏನನ್ನೂ ಬಿಚ್ಚಬೇಕಾಗಿಲ್ಲ. ಸೀಟನ್ನು ಸಮ ನೆಲದ ಮೇಲೆ ನೆಟ್ಟಗೆ ಇಡಿ. ರಬ್ಬರ್ ಕೆಳಗೆ ಹಳೆ ಪುಸ್ತಕಗಳನ್ನು ಒಂದರ ಮೇಲೊಂದು ತುರುಕಿ, ರಬ್ಬರ್ ಚೌಕಟ್ಟಿನ ಮಟ್ಟಕ್ಕೆ ಬರುವವರೆಗೂ ಏರಿಸಿ. ಈಗ ಮೇಲಿನಿಂದ ನೋಡಿ. ಸುಕ್ಕು ಹೋಗಿ ಲೆದರ್ ಬಿಗಿಯಾದರೆ ತಪ್ಪು ರಬ್ಬರಿನದು. ಸುಕ್ಕು ಹೋಯಿತು, ಆದರೆ ಅಂಗೈಯಿಂದ ಒತ್ತಿದ ಗುಳಿ ಮೇಲೆ ಬರಲು ತಡಮಾಡುತ್ತದೆ ಅಂದರೆ ಸ್ಪಂಜೂ ಹೋಗಿದೆ. ಎಷ್ಟು ಏರಿಸಿದರೂ ಸುಕ್ಕು ಇದ್ದಲ್ಲೇ ಇದ್ದರೆ ಮಾತ್ರ ಲೆದರ್ ನಿಜವಾಗಿ ಎಳೆದುಕೊಂಡಿದೆ.

ಮೊದಲನೆಯ ಫಲ ಬಂದರೆ ಖುಷಿಪಡಿ. ಡಯಾಫ್ರಾಮ್ ಬೆಲೆ ಲೆದರ್ ಕಿಟ್ ಬೆಲೆಯ ಮುಂದೆ ಏನೂ ಅಲ್ಲ. ಹೊಸ ಡಯಾಫ್ರಾಮ್ ಹಾಕುವಾಗ ಕೊನೆಯ ಕೊಕ್ಕೆಗಳು ಕೈಗೆ ಬಗ್ಗುವುದಿಲ್ಲ. ರಬ್ಬರನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮೆತ್ತಗಾಗುತ್ತದೆ. ಎದುರುಬದುರು ಮೂಲೆಗಳಿಂದ ಶುರುಮಾಡಿ, ಒಂದೇ ಕಡೆಯಿಂದ ಹಾಕುತ್ತಾ ಹೋದರೆ ಕೊನೆಗೆ ಕೈ ಸೋಲುತ್ತದೆ.

ಕೆಲವರು ಅಡ್ಡದಾರಿ ಹಿಡಿಯುತ್ತಾರೆ: ಕವರ್ ಬಿಚ್ಚಿ ಹಳೆ ಸ್ಪಂಜಿನ ಮೇಲೆ ಇನ್ನೊಂದು ಪದರ ಫೋಮ್ ತುರುಕುವುದು. ನೋಡಲು ಸೀಟು ಉಬ್ಬುತ್ತದೆ. ಆದರೆ ರಬ್ಬರ್ ಜೋತಿದ್ದದ್ದು ಜೋತೇ ಇರುತ್ತದೆ, ಜೊತೆಗೆ ಹೊಲಿಗೆಯ ಮೇಲೆ ಎಳೆತ ಜಾಸ್ತಿಯಾಗುತ್ತದೆ. ಎಂಜಿಬಿಯ ಸ್ಟೇರಿಂಗ್ ಚಕ್ರ ದೊಡ್ಡದು. ತೊಡೆ ಅದಕ್ಕೆ ತಾಗಲು ಶುರುವಾದಾಗ ಕೈಯಿಟ್ಟ ಕೆಲಸ ತಪ್ಪು ಅಂತ ಗೊತ್ತಾಗುತ್ತದೆ.

ಕಾರ್ಪೆಟ್ ಒದ್ದೆ, ಒಳಗೆ ವಾಸನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸೀಟಿನ ಹೊಲಿಗೆ ಕೊಳೆಯುವುದು, ಲೆದರ್ ಕೆಳಗಿನ ಅಂಚು ಗಟ್ಟಿಯಾಗುವುದು, ರನ್ನರ್ ತುಕ್ಕು ಹಿಡಿಯುವುದು, ಬಾಗಿಲಿನ ಪ್ಯಾಡು ಸೊಟ್ಟಗಾಗುವುದು, ಇವೆಲ್ಲಕ್ಕೂ ಒಂದೇ ತಾಯಿಬೇರು: ತೇವ. ಇಂಗ್ಲೆಂಡಿನ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೆ ಹೊಡೆಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ವರ್ಷವಿಡೀ ಜಿನುಗುತ್ತದೆ. ಒದ್ದೆಯಾದ ಕಾರ್ಪೆಟ್ಟಿಗೆ ಒಣಗಲು ಸಮಯವೇ ಸಿಗುವುದಿಲ್ಲ.

ಮೊದಲ ಪ್ರಶ್ನೆ: ಒದ್ದೆಯಾಗಿರುವುದು ಯಾವುದರಿಂದ? ಬಿಳಿ ಟಿಶ್ಯೂ ಒತ್ತಿ ನೋಡಿ, ಮೂಸಿ ನೋಡಿ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ. ಬರೀ ನೀರಾದರೆ ಟಿಶ್ಯೂ ಒಣಗಿದ ಮೇಲೆ ಗುರುತು ಹೆಚ್ಚು ಉಳಿಯುವುದಿಲ್ಲ. ಜಾರುಜಾರಾಗಿದ್ದು, ಸಿಹಿ ವಾಸನೆ ಇದ್ದು, ಎಷ್ಟು ದಿನವಾದರೂ ಒಣಗದಿದ್ದರೆ ಅದು ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಹೀಟರ್ ಹಾಕಿದಾಗ ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು ಕೂತರೆ ಅನುಮಾನವೇ ಬೇಡ, ಹೀಟರ್ ಕೋರ್ (ಬಿಸಿ ಕೂಲಂಟ್ ಹರಿಯುವ ಹೀಟರಿನ ಒಳಭಾಗ) ತೂತಾಗಿದೆ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ವಿಷ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಆ ಕಾರ್ಪೆಟ್ಟನ್ನು ಹೊರಗೆ ಒಣಹಾಕಬೇಡಿ.

ಡ್ರೈವರ್ ಕಾಲಿನ ಕೆಳಗೆ ಮಾತ್ರ ಒದ್ದೆ, ಅಲ್ಲಿನ ಪೇಂಟ್ ಗುಳ್ಳೆ ಎದ್ದು ಸುಲಿಯುತ್ತಿದೆ ಅಂದರೆ ಬ್ರೇಕ್ ಅಥವಾ ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಭಾಗ) ಸೋರುತ್ತಿದೆ. ಅದರ ಆಯಿಲ್ ಪೆಡಲಿನ ಕಡ್ಡಿ ಹಿಡಿದು ಕೆಳಗಿಳಿಯುತ್ತದೆ. ಬಿಳಿ ಬಟ್ಟೆಯಿಂದ ಪೆಡಲನ್ನು ಬುಡದಿಂದ ತುದಿಯವರೆಗೆ ಒರೆಸಿದರೆ ಗೊತ್ತಾಗುತ್ತದೆ. ಇದು ಸಿಕ್ಕರೆ ಲೆದರ್ ಮಾತು ಅಲ್ಲಿಗೆ ನಿಲ್ಲಿಸಿ, ಕಾರು ಓಡಿಸುವುದನ್ನೂ ನಿಲ್ಲಿಸಿ. ಸೀಟಿನ ಹಿಂದಿನ ಕಾರ್ಪೆಟ್ ತೂತುತೂತಾಗಿ ಕೈಗೆ ಕಿತ್ತು ಬಂದರೆ ಅದು ಆ್ಯಸಿಡ್. ಎಂಜಿಬಿಯ ಬ್ಯಾಟರಿ ಇರುವುದು ಅಲ್ಲೇ, ಸೀಟಿನ ಹಿಂದೆ ಕಾರ್ಪೆಟ್ ಅಡಿಯ ಮುಚ್ಚಳದ ಕೆಳಗೆ. 1974ರವರೆಗಿನ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ. ಅಲ್ಲಿ ಕೈ ಹಾಕುವ ಮೊದಲು ಅರ್ತ್ ವೈರ್ (ಬ್ಯಾಟರಿಯಿಂದ ಬಾಡಿಗೆ ಹೋಗುವ ವೈರ್) ಬಿಚ್ಚಿ. 1967ರ ಕೊನೆಗೆ ಎರಡನೆಯ ಆವೃತ್ತಿಯಾದ ಮಾರ್ಕ್ 2 ಬರುವವರೆಗೆ ಈ ಕಾರುಗಳಲ್ಲಿ ಅರ್ತ್ ಆಗಿದ್ದದ್ದು ಪಾಸಿಟಿವ್. ಆ ಕಾರುಗಳಲ್ಲಿ ಮೊದಲು ಬಿಚ್ಚಬೇಕಾದದ್ದು ಪಾಸಿಟಿವ್ ವೈರ್. ಅಭ್ಯಾಸಬಲದಿಂದ ನೆಗೆಟಿವ್‌ಗೆ ಸ್ಪ್ಯಾನರ್ ಹಾಕಿ, ಅದು ಬಾಡಿಗೆ ತಾಗಿತೋ, ಕಿಡಿ ಹಾರುತ್ತದೆ.

ಬರೀ ನೀರು ಅಂತ ಖಾತ್ರಿಯಾದರೆ ಮೊದಲು ನೋಡಬೇಕಾದದ್ದು ಬಾಗಿಲಿನ ರಬ್ಬರಲ್ಲ, ಚಾವಣಿಯೂ ಅಲ್ಲ. ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಒಂದು ಜಾಲರಿ ಇದೆ. ಹೀಟರಿಗೆ ಗಾಳಿ ಹೋಗುವುದು ಅಲ್ಲಿಂದ, ಮಳೆ ನೀರೂ ಅಲ್ಲೇ ಇಳಿಯುತ್ತದೆ. ಆ ನೀರು ಹೊರಗೆ ಹೋಗಲು ಒಳಗೆ ಒಂದು ರಬ್ಬರ್ ಕೊಳವೆ, ಗೇರ್‌ಬಾಕ್ಸ್ ಸುರಂಗದ ಕಡೆ ಇಳಿದು ನೆಲಕ್ಕೆ ಸುರಿಯುತ್ತದೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಈ ಕೊಳವೆ ಎಲೆ, ಮಣ್ಣು ಸೇರಿ ಕಟ್ಟಿಕೊಳ್ಳುತ್ತದೆ. ಮೇಲೆ ನೀರು ನಿಲ್ಲುತ್ತದೆ. ಒಂದು ಮಟ್ಟ ದಾಟಿದ ಮೇಲೆ ಹೀಟರ್ ದಾರಿಯಲ್ಲಿ ಒಳಗೆ ಬಂದು ಕಾಲಿನ ಜಾಗಕ್ಕೆ ಸುರಿಯುತ್ತದೆ.

ಪರೀಕ್ಷೆ ಹೀಗೆ. ಕಾರಿನ ಕೆಳಗೆ ಒಣ ರಟ್ಟು ಹಾಸಿ. ಒಂದು ಚೊಂಬು ನೀರನ್ನು ಜಾಲರಿಗೆ ನಿಧಾನವಾಗಿ ಹುಯ್ಯಿರಿ. ಹುಯ್ದ ನೀರು ಹುಯ್ದ ವೇಗದಲ್ಲೇ ರಟ್ಟಿನ ಮೇಲೆ ಬೀಳಬೇಕು. ತೊಟ್ಟು ತೊಟ್ಟಾಗಿ ಬಿದ್ದರೆ ಅರ್ಧ ಕಟ್ಟಿದೆ. ಬೀಳದೇ ಇದ್ದರೆ ಪೂರ್ತಿ ಕಟ್ಟಿದೆ, ಇನ್ನು ಹುಯ್ಯಬೇಡಿ. ಕೆಳಗಿನಿಂದ ಕೊಳವೆಯ ತುದಿ ಹುಡುಕಿ ಬೆರಳಲ್ಲಿ ಹಿಸುಕಿದರೆ ಕಪ್ಪು ಕೆಸರು ಗುಳುಕ್ ಅಂತ ಇಳಿಯುತ್ತದೆ. ತೋಳು ಒದ್ದೆಯಾಗುತ್ತದೆ, ಹಳೆ ಅಂಗಿ ಹಾಕಿಕೊಂಡಿರಿ. ತಂತಿ ಚುಚ್ಚಿ ಕೊಳವೆ ತೂತು ಮಾಡಬೇಡಿ. ರಬ್ಬರ್ ಸೀಳಿದ್ದರೆ ಬದಲಿಸಿ.

ಇದು ಸರಿಯಿದ್ದರೆ ಮಾತ್ರ ಪೈಪ್ ಹಿಡಿದು ನೀರು ಬಿಡುವ ಪರೀಕ್ಷೆ. ಒಳಗೆ ಕಾರ್ಪೆಟ್ಟೂ ಅದರ ಅಡಿಯ ಫೆಲ್ಟೂ ತೆಗೆದಿರಬೇಕು, ತಗಡು ಒಣಗಿರಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನವರು ಕೆಳಗಿನಿಂದ ಮೇಲಕ್ಕೆ ಬರಬೇಕು: ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಬಾಗಿಲಿನ ರಬ್ಬರ್, ಮುಂದಿನ ಗಾಜಿನ ಬುಡ, ತ್ರಿಕೋನ ಕಿಟಕಿ, ಕೊನೆಗೆ ಚಾವಣಿ ಗಾಜಿನ ಚೌಕಟ್ಟಿಗೆ ಕೂರುವ ಜಾಗ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವುದು ಸೋರಿತು ಅಂತ ಗೊತ್ತಾಗುವುದಿಲ್ಲ. ಒಂದೊಂದು ಜಾಗದಲ್ಲೂ ಕೆಲವು ನಿಮಿಷ ಕಾಯಿರಿ. ಜೋರು ಒತ್ತಡದ ನೀರು ಬೇಡ. ಅದು ಮಳೆಗೆ ಸೋರದ ಕಡೆಯೂ ಸೋರಿಸುತ್ತದೆ.

ಕಾರ್ಪೆಟ್ ಹೇಗೂ ಎದ್ದಿದೆ ಅಲ್ವಾ, ನೆಲವನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಮಂದ ಸದ್ದು ಬಂದರೆ ತುಕ್ಕು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್‌ಗಳೇ ಕಾರನ್ನು ಹೊರುವುದು. ಸೀಟ್ ಬೆಲ್ಟ್ ಬಿಗಿಯುವ ಜಾಗದ ಸುತ್ತ ವಿಶೇಷವಾಗಿ ನೋಡಿ. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಬೆಲ್ಟ್ ಬಿಗಿಯುವ ಜಾಗದಿಂದ 30 ಸೆಂ.ಮೀ. ಒಳಗೆ ತಗಡು ಕೊರೆದುಹೋಗುವಷ್ಟು ತುಕ್ಕು ಇದ್ದರೆ ಫೇಲ್. ಆದರೆ 2018ರಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿಸದ ಕಾರುಗಳಿಗೆ ಆ ತಪಾಸಣೆಯೇ ಕಡ್ಡಾಯವಲ್ಲ. ಅಂದರೆ ನೀವು ನೋಡದಿದ್ದರೆ ಇನ್ಯಾರೂ ನೋಡುವುದಿಲ್ಲ. ವೆಲ್ಡಿಂಗ್ ಆಗಬೇಕಿದ್ದರೆ ಅದು ಮೊದಲು, ಲೆದರ್ ಆಮೇಲೆ. ಕಿಡಿ ಹೊಸ ಸೀಟು ಹಳೆ ಸೀಟು ಅಂತ ನೋಡುವುದಿಲ್ಲ.

ಹೊಲಿಗೆ ಬಿಟ್ಟಿದೆ

ದಾರ ತುಂಡಾಗಿದೆಯೋ, ಲೆದರ್ ಹರಿದಿದೆಯೋ? ಭೂತಗನ್ನಡಿ ಇದ್ದರೆ ಒಳ್ಳೆಯದು. ದಾರ ತುಂಡಾಗಿ, ಸೂಜಿ ತೂತುಗಳು ದುಂಡಗೆ ಗಟ್ಟಿಯಾಗಿದ್ದರೆ ಲೆದರ್ ಚೆನ್ನಾಗಿದೆ. ಬಿಸಿಲಿಗೆ ದಾರ ಸತ್ತಿದೆ, ಅಷ್ಟೇ. ಅದೇ ತೂತುಗಳಲ್ಲಿ ಹೊಸ ದಾರದಿಂದ ಕೈಹೊಲಿಗೆ ಹಾಕಬಹುದು. ಬಾಂಡೆಡ್ ಪಾಲಿಯೆಸ್ಟರ್ ದಾರ ತನ್ನಿ. ತೆರೆದ ಕಾರಿನ ಬಿಸಿಲಿಗೆ ಅದು ನೈಲಾನಿಗಿಂತ ಚೆನ್ನಾಗಿ ತಾಳುತ್ತದೆ. ಹತ್ತಿ ದಾರ ಬೇಡವೇ ಬೇಡ.

ತೂತಿನಿಂದ ತೂತಿಗೆ ಲೆದರ್ ಸೀಳಿದ್ದರೆ ಕಥೆ ಬೇರೆ. ಹೊಲಿಗೆ ತೀರಾ ಒತ್ತೊತ್ತಾಗಿ ಹಾಕಿದ್ದರೆ ಲೆದರ್ ಅಂಚೆಚೀಟಿಯ ಅಂಚಿನ ಹಾಗಾಗಿ, ಎಳೆದರೆ ಸಾಲಾಗಿ ಹರಿಯುತ್ತದೆ. ಹೊಲಿಗೆಯಿಂದ ಹೊಲಿಗೆಗೆ 3.5ರಿಂದ 4 ಎಂ.ಎಂ. ಇದ್ದರೆ ಸರಿ. ಹೀಗೆ ಸೀಳಿದ ಫಲಕವನ್ನು, ಅಂದರೆ ಕವರಿನ ಆ ತುಂಡನ್ನು, ಬದಲಿಸಲೇಬೇಕು. ಆದರೆ ಬರೀ ಆ ಫಲಕವನ್ನು, ಪೂರ್ತಿ ಸೀಟನ್ನಲ್ಲ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚಿನಲ್ಲಿ ಮಾತ್ರ ಹರಿದಿದ್ದರೆ ಅದು ಹತ್ತಿ ಇಳಿಯುವ ಸವೆತ. ಇಷ್ಟು ತಗ್ಗಾದ ಕಾರಿನಿಂದ ಯಾರೂ ಎದ್ದು ಇಳಿಯುವುದಿಲ್ಲ, ಜಾರಿ ಇಳಿಯುತ್ತಾರೆ.

ಬಣ್ಣ ಬಿಡುತ್ತದೆ, ಬಿರುಕು ಬಿಟ್ಟಿದೆ, ಪುಡಿ ಉದುರುತ್ತದೆ

ಬಿರುಕು ಮೇಲಿನ ಬಣ್ಣದ ಪದರದಲ್ಲಿ ಮಾತ್ರವೋ, ತೊಗಲಿನ ಒಳಗೂ ಇದೆಯೋ ನೋಡಿ. ಬಿರುಕಿರುವ ಜಾಗವನ್ನು ನಿಧಾನವಾಗಿ ಮಡಚಿ. ಬಣ್ಣ ಮಾತ್ರ ಬಾಯಿಬಿಟ್ಟು ಕೆಳಗೆ ನಯವಾದ ತೊಗಲು ಕಂಡರೆ ಶುಚಿ ಮಾಡಿ, ತುಂಬಿ, ಮತ್ತೆ ಬಣ್ಣ ಹಾಕಿಸಬಹುದು. ನಾರು ಕಂಡರೆ ಆಗುವುದಿಲ್ಲ. ಬೆರಳಿಗೆ ಇಟ್ಟಿಗೆ ಬಣ್ಣದ ಪುಡಿ ಹತ್ತಿದರೆ ತೊಗಲೇ ಕೊಳೆತಿದೆ. ಗಿಡದ ತೊಗಟೆಯಲ್ಲಿ ಹದ ಮಾಡಿದ ಹಳೆ ಚರ್ಮ ಆಮ್ಲದಿಂದ ಹೀಗಾಗುತ್ತದೆ. ಎಣ್ಣೆ, ಕ್ರೀಮು ಏನು ಹಚ್ಚಿದರೂ ವಾಪಸ್ ಬರುವುದಿಲ್ಲ. ಇಲ್ಲಿ ಮಾತ್ರ ಹಿಂದುಮುಂದು ನೋಡದೆ ಹೊಸದು ಹಾಕಿಸಿ.

ಹೊಸ ಬಣ್ಣ ಸ್ವಲ್ಪ ದಿನಕ್ಕೇ ಸಿಪ್ಪೆಯಂತೆ ಏಳುತ್ತಿದ್ದರೆ, ಹಿಂದೆ ಯಾರೋ ಸಿಲಿಕೋನ್ ಪಾಲಿಶ್ ಉಜ್ಜಿದ್ದಾರೆ. ಡ್ಯಾಶ್‌ಬೋರ್ಡ್ ಫಳಫಳ ಮಾಡುವ ಸ್ಪ್ರೇಗಳಲ್ಲಿ ಅದೇ ಇರುವುದು. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಸೀಟಿನ ಮೇಲೆ ಬಿಳಿ ಪದರ ಕಂಡ ತಕ್ಷಣ ಬೂಸ್ಟು ಅಂತ ಗಾಬರಿಯಾಗುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಚಳಿಗೆ ಲೆದರ್ ಒಳಗಿನ ಕೊಬ್ಬು ಹೊರಗೆ ಬಂದು ಹೆಪ್ಪುಗಟ್ಟಿದರೂ ಹಾಗೇ ಕಾಣುತ್ತದೆ. ಹೇರ್ ಡ್ರೈಯರ್ ಹದವಾಗಿ ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು, ಒರೆಸಿದರೆ ಆಯಿತು. ಹಾಗೇ ಉಳಿದರೆ ಬೂಸ್ಟು, ಅಂದರೆ ಮತ್ತೆ ತೇವದ ಪ್ರಶ್ನೆಗೇ ವಾಪಸ್. ಮಂಗಳೂರಿನ ಕಡೆ ಹಳೆ ಕಾರು ಇಟ್ಟವರಿಗೆ ಜೂನ್ ಬಂತೆಂದರೆ ಈ ಎರಡನೆಯದೇ ಗತಿ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ ಇನ್ನೂ ಬೇಗ.

ಹೊಸ ಕವರ್ ಹಾಕಿದ ಮೇಲಿನ ದೋಷಗಳು

ಎಲ್ಲ ನೋಡಿ ಲೆದರ್ ಬದಲಿಸಲೇಬೇಕು ಅಂತಾಯಿತು. ಕಿಟ್ ಬಂತು. ಹಳೆ ಕವರನ್ನು ಮಾತ್ರ ಕೆಲಸ ಮುಗಿಯುವವರೆಗೂ ಎಸೆಯಬೇಡಿ. ಅಳತೆಗೂ ಅದೇ, ಸಾಕ್ಷಿಗೂ ಅದೇ.

ಕವರ್ ಅಂಚು ಚೌಕಟ್ಟಿಗೆ ಎಟುಕದಿದ್ದರೆ ಎಳೆದಾಡುವ ಮುಂಚೆ ಹಳೆಯದನ್ನು ಪಕ್ಕಕ್ಕಿಟ್ಟು ಅಳೆಯಿರಿ. ಎಂಜಿಬಿ ಸೀಟು ಹದಿನೆಂಟು ವರ್ಷದಲ್ಲಿ ಹಲವು ಸಲ ಬದಲಾಗಿದೆ. ಬೇರೆ ವರ್ಷದ ಕಿಟ್ ಬಂದಿರಬಹುದು. ಕಾರಿಗೆ ಹಿಂದಿನವರು ಬೇರೆ ವರ್ಷದ ಸೀಟು ಹಾಕಿರುವುದೂ ಉಂಟು. ಅಳತೆ ಸರಿಯಿದ್ದರೆ ಸ್ಪಂಜು ದಪ್ಪವಾಗಿದೆ, ಇಲ್ಲವೇ ಲೆದರ್ ತಣ್ಣಗಿದೆ. ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕೂತು ಕವರ್ ಎಳೆಯುವುದು ವ್ಯರ್ಥ. ಮನೆಯೊಳಗೆ ಬೆಚ್ಚಗಿನ ಕೋಣೆಯಲ್ಲಿ ಕವರನ್ನು ಮೊದಲೇ ಹರವಿಡಿ. ಸ್ಪಂಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಕವರ್ ಸಲೀಸಾಗಿ ಜಾರುತ್ತದೆ.

ಸೀಟಿನ ಮೇಲೆ ಉದ್ದುದ್ದ ಹೊಲಿದ ಪಟ್ಟೆಗಳು ಸೊಟ್ಟಗೆ ಕೂತರೆ ಒಂದು ಪಕ್ಕದಿಂದ ಶುರುಮಾಡಿದ್ದೀರಿ ಅಂತ ಅರ್ಥ. ಬಿಚ್ಚಿ. ಸ್ಪಂಜಿನ ನಡುವೆ ಚಾಕ್‌ಪೀಸಿನಿಂದ ಗೆರೆ ಎಳೆದು, ನಡುವಿನ ಪಟ್ಟೆಯನ್ನು ಅದಕ್ಕೆ ಕೂರಿಸಿ, ಅಲ್ಲಿಂದ ಎರಡೂ ಕಡೆಗೆ ಹೋಗಿ. ಮೂಲೆಗಳಲ್ಲಿ ಸಣ್ಣ ಸುಕ್ಕು ಉಳಿದರೆ ಆವಿ ಅಥವಾ ಬಿಸಿಗಾಳಿ ತೋರಿಸಿ ಅಂಗೈಯಿಂದ ಸವರಿ. ನಿಮ್ಮ ಕೈ ತಾಳದಷ್ಟು ಬಿಸಿ ಲೆದರ್‌ಗೂ ಬೇಡ. ತೊಗಟೆಯಲ್ಲಿ ಹದ ಮಾಡಿದ ಚರ್ಮ, ಅದೂ ತೇವ ಇದ್ದಾಗ, 70-80 ಡಿಗ್ರಿಗೇ ಕುಗ್ಗಿ ಗಟ್ಟಿಯಾಗಿಬಿಡುತ್ತದೆ. ಒಮ್ಮೆ ಕುಗ್ಗಿದರೆ ಮುಗಿಯಿತು.

ಒಂದು ಫಲಕ ಮಾತ್ರ ಏನು ಮಾಡಿದರೂ ಜೋಲುಜೋಲಾಗಿ ಕಂಡರೆ ತಪ್ಪು ನಿಮ್ಮದಲ್ಲ. ಆ ತುಂಡನ್ನು ಚರ್ಮದ ಹೊಟ್ಟೆಯ ಭಾಗದಿಂದ ಕತ್ತರಿಸಿದ್ದಾರೆ. ಬೆನ್ನಿನ ಚರ್ಮ ಬಿಗಿ, ಹೊಟ್ಟೆಯದು ಸಡಿಲ. ಹೊಟ್ಟೆಯ ತುಂಡು ಕಾಣದ ಕಡೆ ಹೋಗಬೇಕೇ ಹೊರತು ಕೂರುವ ಕಡೆಗಲ್ಲ. ಬೇರೆ ತುಂಡು ಕೇಳಿ, ಕೇಳಲು ಸಂಕೋಚ ಬೇಡ.

ಬೇಸಿಗೆಯಲ್ಲಿ ನಡುಭಾಗ ಸ್ಪಂಜಿನಿಂದ ಎದ್ದು ಬಂದರೆ ಅಂಟು ಕೈಕೊಟ್ಟಿದೆ. ಚಾವಣಿ ತೆರೆದ ಕಾರಿನ ಕಪ್ಪು ಲೆದರ್ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ಸಾಧಾರಣ ಅಂಟು ಕರಗುತ್ತದೆ. ಶಾಖ ತಾಳುವ ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಅವಸರ ಮಾಡಿ ಹಸಿ ಇರುವಾಗಲೇ ಒತ್ತುವವರೇ ಜಾಸ್ತಿ.

ಬೆಂಗಳೂರಿನ ಜೆ.ಸಿ. ರೋಡ್ ಕಡೆಯ ಕುಶನ್ ವರ್ಕ್ಸ್‌ಗಳಲ್ಲಿ ಹೊಲಿಸುವವರಿಗೆ ಒಂದು ಮಾತು. ಅಲ್ಲಿನವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರಿಗೆ ಅಭ್ಯಾಸ ಹೊಸ ಕಾರುಗಳದ್ದು. ‘ಸಾರ್, ಫೋಮ್ ದಪ್ಪ ಹಾಕೋಣ, ಸೋಫಾ ಥರ ಬರುತ್ತೆ’ ಅನ್ನುತ್ತಾರೆ. ಬೇಡ ಅನ್ನಿ. ಅರವತ್ತರ ದಶಕದ ಬ್ರಿಟಿಷ್ ಸೀಟಿನ ಪಟ್ಟೆ ತೆಳ್ಳಗೆ, ಚಪ್ಪಟೆಯಾಗಿರಬೇಕು. ಲೆದರ್ ದಪ್ಪ 1ರಿಂದ 1.3 ಎಂ.ಎಂ. ಸಾಕು. ಆಂಬೂರು, ರಾಣಿಪೇಟೆ ಕಡೆಯಿಂದ ತರಿಸುವಾಗ ಸೀಟಿನ ಲೆದರ್ ಬೇಕು ಅಂತ ಬಿಡಿಸಿ ಹೇಳಿ. ಶೂಗೆ ಹದ ಮಾಡಿದ್ದು ಸೀಟಿಗೆ ಆಗಿಬರುವುದಿಲ್ಲ.

ಉಳಿದ ಚಿಕ್ಕಪುಟ್ಟವು

ಬಾಗಿಲಿನ ಪ್ಯಾಡು ಕೆಳಗಡೆ ಉಬ್ಬಿದ್ದರೆ ಹೊಸ ಪ್ಯಾಡ್ ತರುವ ಮುಂಚೆ ಬಾಗಿಲಿನ ತಳದ ತೂತುಗಳಿಗೆ ಕಡ್ಡಿ ಹಾಕಿ ನೋಡಿ. ಗಾಜಿನ ಮೇಲಿನ ನೀರು ಬಾಗಿಲ ಒಳಗೆ ಇಳಿಯುವುದು ಸಹಜ, ಹೊರಗೆ ಹೋಗಲು ದಾರಿ ಇರಬೇಕು. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಇಲ್ಲದಿದ್ದರೆ ಹಾಕಿ. ರಟ್ಟಿನ ಪ್ಯಾಡು ನೀರು ಕುಡಿದೇ ಸೊಟ್ಟಗಾಗುವುದು.

ಹೊಸ ಸೀಟು ಕಿರ್ರೆನ್ನುತ್ತಿದ್ದರೆ ಎರಡು ಲೆದರ್ ಉಜ್ಜುವ ಕಡೆ ಸ್ವಲ್ಪ ಟಾಲ್ಕಂ ಪೌಡರ್ ಹಾಕಿ ನೋಡಿ. ಸದ್ದು ನಿಲ್ಲದೆ, ತಿರುವಿನಲ್ಲಿ ಜಾಸ್ತಿಯಾದರೆ ಅದು ಲೆದರ್ ಅಲ್ಲ. ಚೌಕಟ್ಟಿನ ಬೆಸುಗೆ ಬಿಟ್ಟಿದೆ, ಇಲ್ಲವೇ ರನ್ನರ್ ಸಡಿಲವಿದೆ.

ಸೀಟು ವಾಪಸ್ ಕೂರಿಸುವಾಗ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಎರಡು ರನ್ನರ್ ಸಮಾನಾಂತರವಾಗಿವೆಯೇ ನೋಡಿ, ಆಮೇಲೆ ಬಿಗಿ ಮಾಡಿ. ಸೊಟ್ಟಗಿದ್ದರೆ ಸೀಟು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಸೀಟನ್ನು ಪ್ರತಿ ಹಲ್ಲಿಗೂ ಸರಿಸಿ, ಲಾಕ್ ಕಟ್ ಅಂತ ಬೀಳುತ್ತದೆಯೇ ಕೇಳಿ, ಕೂತು ಎರಡೂ ಕಾಲಿನಿಂದ ಹಿಂದಕ್ಕೆ ಒದ್ದು ನೋಡಿ. ಸೀಟು ಅಲ್ಲಾಡಿದರೆ ಕಾರು ರಸ್ತೆಗೆ ಇಳಿಸಬೇಡಿ.